ಕೊಲೆಗಾರನ ಹೆಸರನ್ನು ದೆವ್ವದ ಕೈಲಿ ಬರೆಸಬೇಡಿ

ನೀವು ಇಲ್ಲಿ ಹಾಕಿದ ದೆವ್ವದ ಪತ್ತೇದಾರಿ ಕಾದಂಬರಿಯ ಔಟ್‌ಲೈನ್ ಪೂರ್ತಿ ಓದಿದೆ. ಸಣ್ಣ ಊರು, ಹಳೇ ಗ್ರಂಥಾಲಯ, ಮೆಟ್ಟಿಲ ಬುಡದಲ್ಲಿ ಬೋರಲು ಬಿದ್ದ ಗ್ರಂಥಪಾಲಕಿಯ ಶವ, ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಗೆ ಮಾತ್ರ ಕಾಣಿಸುವ ಆಕೆಯ ದೆವ್ವ. ಇಲ್ಲಿಯವರೆಗೆ ತುಂಬಾ ಚೆನ್ನಾಗಿದೆ. ಆದರೆ 18ನೇ ಅಧ್ಯಾಯದಲ್ಲಿ ಕನ್ನಡಿಯ ಹಬೆ ಮೇಲೆ ದೆವ್ವ ಕೊಲೆಗಾರನ ಹೆಸರು ಬರೆಯುತ್ತದೆ ಅಂದಿದ್ದೀರಲ್ಲ, ಅದನ್ನು ದಯವಿಟ್ಟು ತೆಗೆಯಿರಿ. ನನ್ನ ಮೊದಲ ಡ್ರಾಫ್ಟೂ ಇದೇ ಜಾಗದಲ್ಲಿ ಕೆಟ್ಟಿತ್ತು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಮೇಲಿನ ಕಾಮೆಂಟುಗಳಲ್ಲಿ ಇಬ್ಬರು 'ಹೆಸರಿನ ಮೊದಲ ಅಕ್ಷರ ಮಾತ್ರ ಬರೆಸಿ' ಅಂದಿದ್ದಾರೆ. ಅದರಿಂದ ಏನೂ ಸರಿಹೋಗುವುದಿಲ್ಲ. ಆರೇ ಜನ ಶಂಕಿತರಿರುವಾಗ ಒಂದಕ್ಷರ ಹೇಳಿದರೂ ಪೂರ್ತಿ ಹೆಸರು ಹೇಳಿದ ಹಾಗೇ.

ಬೀಗದ ಕೈ ಯಾರ ಹತ್ತಿರ ಇತ್ತು, ಯಾರು ಎಷ್ಟು ಹೊತ್ತಿಗೆ ಎಲ್ಲಿದ್ದರು ಅಂತ ಓದುಗ ಹದಿನೇಳು ಅಧ್ಯಾಯ ಲೆಕ್ಕ ಇಟ್ಟುಕೊಂಡು ಬಂದಿರುತ್ತಾನೆ. ಕನ್ನಡಿಯಲ್ಲಿ ಹೆಸರು ಮೂಡಿದ ಕೂಡಲೇ ಆ ಶ್ರಮವೆಲ್ಲ ದಂಡ. ಇಂಗ್ಲಿಷ್ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಮಾಡಿದಾಗ ಎರಡನೆಯದರಲ್ಲೇ ಅತಿಮಾನುಷವನ್ನು ಪೂರ್ತಿ ಹೊರಗಿಟ್ಟರು. ಅವರು ಕ್ಯಾಥೊಲಿಕ್ ಪಾದ್ರಿ, ಪರಲೋಕ ನಂಬದವರೇನಲ್ಲ. ಅವರಿಗೆ ಬೇಕಾಗಿದ್ದದ್ದು ಓದುಗನ ಜೊತೆ ನ್ಯಾಯವಾದ ಆಟ. 1928ರಲ್ಲೇ ಅಮೆರಿಕದ ಪತ್ತೇದಾರಿ ಲೇಖಕ ಎಸ್. ಎಸ್. ವ್ಯಾನ್ ಡೈನ್ ಕೂಡ, ಪ್ರೇತ ಕರೆಸಿ ಕೇಳಿ ಪತ್ತೆ ಮಾಡುವುದು ಸಲ್ಲದು ಅಂತ ತಮ್ಮ ಇಪ್ಪತ್ತು ನಿಯಮಗಳಲ್ಲಿ ಸೇರಿಸಿದ್ದರು. ನಾವು ಬರೆಯುವ ಕಥೆಗಳು ನಿಲ್ಲುವುದೇ ಆ ನಿಯಮ ಮುರಿದು, ಒಪ್ಪಿದೆ. ಆದರೆ ಅದರ ಹಿಂದಿನ ಕಾರಣವನ್ನು ಮುರಿಯುವ ಹಕ್ಕು ನಮಗಿಲ್ಲ. ದೆವ್ವ ಇರಲಿ, ಆದರೂ ಓದುಗ ತಾನೇ ಪತ್ತೆ ಮಾಡುವಂತಿರಬೇಕು.

ನಾನು ಮಾಡುವುದು ಹೀಗೆ. ದೆವ್ವ ಪ್ರಶ್ನೆ ಹುಟ್ಟಿಸಬೇಕು, ಉತ್ತರವನ್ನು ಬದುಕಿರುವವರು ಹುಡುಕಬೇಕು. ಅದಕ್ಕೆ ಮೊದಲು ಆಕೆಗೆ ಏನು ಗೊತ್ತಿಲ್ಲ ಅಂತ ಬರೆದಿಟ್ಟುಕೊಳ್ಳಿ. ಸತ್ತ ತಕ್ಷಣ ಸರ್ವಜ್ಞತೆ ಬರುತ್ತದೆ ಅಂತ ಯಾಕೆ ಅಂದುಕೊಳ್ಳಬೇಕು? ಹಿಂದಿನಿಂದ ಹೊಡೆದಿದ್ದಾರೆ, ಮುಖ ನೋಡಿಲ್ಲ. ಆಮೇಲೆ ಶವವನ್ನು ಯಾರು ಎಲ್ಲಿಗೆ ಎಳೆದರು ಅನ್ನುವುದೂ ಗೊತ್ತಿಲ್ಲ. ಗೊತ್ತಿರುವುದು ಸಾಯುವ ಮುಂಚಿನ ಒಂದೆರಡು ಸಣ್ಣ ಸಂಗತಿ, ಅದರ ಬೆಲೆ ಅವಳಿಗೂ ತಿಳಿಯದು.

ನಿಮ್ಮ ಕಥೆಯಲ್ಲೇ ತೋರಿಸುತ್ತೇನೆ. ಬೆಳಗ್ಗೆ ಏಳಕ್ಕೆ ಬಿದ್ದ ಸದ್ದು ಕೇಳಿತು ಅಂತ ಒಬ್ಬ ಹೇಳುತ್ತಾನೆ, ಹಾಗಾಗಿ ಊರಿನವರ ಅಲಿಬಿಯೆಲ್ಲ, ಅಂದರೆ ಆ ಹೊತ್ತಿಗೆ ಬೇರೆ ಕಡೆ ಇದ್ದೆ ಅನ್ನುವ ಪುರಾವೆಯೆಲ್ಲ, ಬೆಳಗಿನದು. ದೆವ್ವ ಮಾತಿನ ನಡುವೆ 'ಮಹಡಿ ಮೇಲೆ ದೀಪ ಹಾಕಿಕೊಂಡು ಕೂತಿದ್ದೆ' ಅನ್ನಲಿ, ಅಷ್ಟೇ. ಪೂರ್ವಕ್ಕೆ ದೊಡ್ಡ ಕಿಟಕಿಗಳಿರುವ ಕೋಣೆ ಅಂತ ನೀವೇ 2ನೇ ಅಧ್ಯಾಯದಲ್ಲಿ ವರ್ಣಿಸಿದ್ದೀರಿ. ಬೆಳಗ್ಗೆ ಏಳಕ್ಕೆ ಅಲ್ಲಿ ದೀಪ ಯಾಕೆ? ನಾಯಕಿಗೆ ಹುಳ ಹೊಕ್ಕರೆ ಸಾಕು. ಅವಳು ಹೋಗಿ ಶವಪರೀಕ್ಷೆ ಮಾಡಿದ ಡಾಕ್ಟರನ್ನು ಕೇಳುತ್ತಾಳೆ. ಸತ್ತ ಮೇಲೆ ರಕ್ತ ದೇಹದ ಕೆಳಭಾಗಕ್ಕೆ ಇಳಿದು ಚರ್ಮದಲ್ಲಿ ಕಲೆಯಾಗುತ್ತದೆ, ಸುಮಾರು 8ರಿಂದ 12 ಗಂಟೆಯಲ್ಲಿ ಅದು ಸ್ಥಿರವಾಗುತ್ತದೆ, ಆಮೇಲೆ ಶವವನ್ನು ಮಗುಚಿದರೂ ಕಲೆ ಜಾಗ ಬಿಡುವುದಿಲ್ಲ. ಬೋರಲು ಸಿಕ್ಕ ಶವದ ಬೆನ್ನಲ್ಲಿ ಕಲೆ ಇದ್ದರೆ ರಾತ್ರಿಯೆಲ್ಲ ಆಕೆ ಬೇರೆಲ್ಲೋ ಅಂಗಾತ ಬಿದ್ದಿದ್ದಳು ಎಂದಾಯಿತು. ಜಾರಿಬಿದ್ದ ಕೇಸು ಅಂತ ಮೊದಲೇ ತೀರ್ಮಾನಿಸಿದ್ದರಿಂದ ವರದಿಯ ಆ ಸಾಲನ್ನು ಯಾರೂ ಓದಿರಲಿಲ್ಲ. ಎಲ್ಲರ ಅಲಿಬಿ ಒಂದೇ ಏಟಿಗೆ ಬಿದ್ದುಹೋಯಿತು, ಸದ್ದು ಕೇಳಿತು ಅಂದವನ ಮೇಲೆ ಅನುಮಾನವೂ ಬಂತು. ದೆವ್ವ ಯಾರ ಹೆಸರನ್ನೂ ಹೇಳಲಿಲ್ಲ ನೋಡಿ.

ಹುಷಾರು, ಈ ಗಂಟೆಗಳ ಲೆಕ್ಕ ಸೆಕೆ, ಚಳಿ, ದೇಹಸ್ಥಿತಿ ನೋಡಿ ಹಿಂದೆ ಮುಂದೆ ಆಗುತ್ತದೆ. ಡಾಕ್ಟರ್ ಬಾಯಲ್ಲಿ 'ರಾತ್ರಿ 9:40ಕ್ಕೆ ಸತ್ತಿದ್ದಾರೆ' ಅಂತ ಹೇಳಿಸಬೇಡಿ. ಯಾವ ಡಾಕ್ಟರೂ ಹಾಗೆ ಹೇಳುವುದಿಲ್ಲ.

ಇದನ್ನು ಪರೀಕ್ಷಿಸಲು ಒಂದು ಹಾಳೆಯಲ್ಲಿ ಎರಡು ಅಂಕಣ ಮಾಡಿ. ಎಡಕ್ಕೆ ದೆವ್ವ ಕೊಟ್ಟ ಮಾಹಿತಿ, ಬಲಕ್ಕೆ ಅದನ್ನು ಪೊಲೀಸರ ಮುಂದೆ ಇಡಬಹುದಾದ ಸಾಕ್ಷಿ. ಮೊದಲು ಎಡ ಅಂಕಣವನ್ನು ಕೈಯಿಂದ ಮುಚ್ಚಿ. ಬಲಗಡೆಯದರಿಂದಲೇ ಅಪರಾಧಿ ಸಿಗಬೇಕು, ಸಿಗದಿದ್ದರೆ ನೀವು ಮೋಸ ಮಾಡುತ್ತಿದ್ದೀರಿ. ಆಮೇಲೆ ಇನ್ನೊಂದು ಪ್ರಶ್ನೆ: ದೆವ್ವ ಇರದಿದ್ದರೆ ಆ ಸಾಕ್ಷಿಯ ಕಡೆ ಯಾರಾದರೂ ತಿರುಗಿ ನೋಡುತ್ತಿದ್ದರೇ? ಹೌದಾದರೆ ದೆವ್ವ ಬರೀ ಅಲಂಕಾರ, ಕಿತ್ತು ಹಾಕಿ. ಎಡಗಡೆ ಇದ್ದು ಬಲಗಡೆ ಖಾಲಿ ಇರುವ ಸಾಲೇ ನಿಮ್ಮ ತೂತು. ನಿಮ್ಮ ಔಟ್‌ಲೈನಿಗೆ ನಾನೇ ಹಾಕಿ ನೋಡಿದೆ, ಕನ್ನಡಿಯ ಎದುರು ಬಲಗಡೆ ಏನೂ ಇಲ್ಲ. 11ನೇ ಅಧ್ಯಾಯದ ಕನಸಿನ ಎದುರೂ ಇಲ್ಲ. ಕನಸಿನಲ್ಲಿ ಸುಳಿವು ಕೊಡುವುದನ್ನು ನಾನಂತೂ ಒಪ್ಪುವುದೇ ಇಲ್ಲ. ದೆವ್ವ ಎದುರಿಗೇ ಬಂದು ಮಾತಾಡುತ್ತಿರುವಾಗ ಕನಸು ಯಾಕೆ ಬೇಕು?

ಈ ಹಾಳೆಗೆ ಕಾದಂಬರಿ ಬರೆಯುವ ತಂತ್ರಾಂಶ ಸ್ಕ್ರಿವನರ್ ಬೇಕಿಲ್ಲ. ದೃಶ್ಯಗಳನ್ನು ಹಿಂದೆ ಮುಂದೆ ಮಾಡಲು ಅದರ ಕಾರ್ಕ್‌ಬೋರ್ಡ್ ಚೆನ್ನಾಗಿದೆ, ಸುಳಿವಿನ ಲೆಕ್ಕಕ್ಕೆ ಎಕ್ಸೆಲ್ ಅಥವಾ ಗೂಗಲ್ ಶೀಟ್ಸೇ ಮೇಲು. ಇನ್ನೊಂದು, ನಿಮ್ಮ ಫೈಲು ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿದೆ. ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಒಂದು ಪಾತ್ರದ ಹೆಸರು ಹಾಕಿ ಇಡೀ ಹಸ್ತಪ್ರತಿಯಲ್ಲಿ ಹುಡುಕಲು ಆಗದಿದ್ದರೆ ಪತ್ತೇದಾರಿ ಕಾದಂಬರಿ ತಿದ್ದುವುದು ನರಕ. ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾರೆ ನೋಡಿ.

ದೆವ್ವದ ಕಟ್ಟುಪಾಡುಗಳನ್ನು ಮೊದಲ ಕಾಲುಭಾಗದಲ್ಲೇ ತೋರಿಸಿಬಿಡಿ. ಕಟ್ಟಡ ಬಿಟ್ಟು ಹೋಗಲಾರಳು, ವಸ್ತು ಮುಟ್ಟಲಾರಳು ಅಂತಿದ್ದರೆ ಅದು ಕೊನೆಯವರೆಗೂ ಹಾಗೇ ಇರಬೇಕು. ನಾಯಕಿ ಅಪಾಯದಲ್ಲಿದ್ದಾಳೆ ಅಂತ 22ನೇ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ ಕಪಾಟು ಬೀಳಿಸುವ ಶಕ್ತಿ ಕೊಡುವುದು ಬೇಡ. ಆಕೆ ಸುಳ್ಳೂ ಹೇಳಬಹುದು. ಬದುಕಿದ್ದಾಗ ಯಾರನ್ನೋ ಕಾಪಾಡುತ್ತಿದ್ದವಳು ಸತ್ತ ಮೇಲೂ ಕಾಪಾಡುತ್ತಾಳೆ. ಇಷ್ಟು ಒಳ್ಳೆಯ ದಾರಿ ತಪ್ಪಿಸುವ ಸುಳಿವು ಬೇರೆ ಯಾರಿಂದಲೂ ಸಿಗುವುದಿಲ್ಲ.

'ಎಲ್ಲ ಆ ಹುಡುಗಿಯ ಭ್ರಮೆ ಇರಬಹುದಲ್ಲ' ಅಂತ ಯಾರೋ ಕೇಳಿದ್ದರು. ಅದನ್ನು ಬೇಗ ಇತ್ಯರ್ಥ ಮಾಡಿ, ಮೂರನೇ ಅಧ್ಯಾಯದೊಳಗೆ ನಾಯಕಿಗೆ ತಿಳಿದಿರಲು ಸಾಧ್ಯವೇ ಇಲ್ಲದ ಒಂದು ಸಣ್ಣ ಸತ್ಯ ದೆವ್ವದಿಂದ ಬರಲಿ. ಜೊತೆಗೆ ಊರಿನಲ್ಲಿ ಒಂದು ಸುಳ್ಳು ದೆವ್ವದ ಮನೆಯನ್ನೂ ಇಡಿ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಕುಟುಂಬದ ಕಥೆ ಬಂದಿತ್ತು. ಹೆಜ್ಜೆ ಸಪ್ಪಳ, ಆಕೃತಿಗಳು, ತಲೆನೋವು, ಎಲ್ಲಕ್ಕೂ ಕಾರಣ, ಮನೆ ಬೆಚ್ಚಗಿಡುವ ಕುಲುಮೆ ಕೆಟ್ಟು ಅದರಿಂದ ಮನೆ ತುಂಬುತ್ತಿದ್ದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. 1998ರಲ್ಲಿ ಬ್ರಿಟನ್ನಿನ ಎಂಜಿನಿಯರ್ ವಿಕ್ ಟ್ಯಾಂಡಿ ತಮ್ಮ ಪ್ರಯೋಗಾಲಯದ 'ದೆವ್ವ'ಕ್ಕೆ ಒಂದು ಫ್ಯಾನಿನಿಂದ ಬರುತ್ತಿದ್ದ, ಕಿವಿಗೆ ಕೇಳದ ಸುಮಾರು 19 ಹರ್ಟ್ಸ್ ಸದ್ದು ಕಾರಣ ಅಂತ ವಾದಿಸಿದರು. ಇಂಥದ್ದನ್ನು ನಿಮ್ಮ ನಾಯಕಿ ಬಿಡಿಸಿದರೆ ಆಕೆ ಬುದ್ಧಿವಂತೆ ಅನ್ನುವುದು ಸಾಬೀತಾಗುತ್ತದೆ, ನಿಜವಾದ ದೆವ್ವಕ್ಕೂ ತೂಕ ಬರುತ್ತದೆ.

ಊರಿನ ಬಗ್ಗೆ ಸ್ವಲ್ಪ ಬೈಯಲೇಬೇಕು. ಕೊಲೆಯಾದ ಮರುದಿನ ನಿಮ್ಮ ಪೇಟೆ ಎಂದಿನಂತೆ ನಡೆಯುತ್ತಿದೆ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ ಅದು ಸಾಧ್ಯವೇ ಇಲ್ಲ. ಆಕೆಯಿಂದ ಪುಸ್ತಕ ತಗೊಂಡು ಬೆಳೆದವರು ಎಷ್ಟು ಜನ! ಅವರು ಅಳಬೇಕು, ಗಾಳಿಸುದ್ದಿ ಹಬ್ಬಿಸಬೇಕು, ಹಳೇ ಜಗಳ ಕೆದಕಬೇಕು. ಕಥೆ ಲಘುವಾಗಿರಬೇಕು ಅಂದರೆ ರಕ್ತ, ಕ್ರೌರ್ಯ ಪುಟದ ಹೊರಗಿರಬೇಕು ಅಂತ ಅರ್ಥ, ದುಃಖವೇ ಇರಬಾರದು ಅಂತಲ್ಲ. ನಗು ಬೇಕಾದಷ್ಟು ಬರಲಿ, ಪುಸ್ತಕಗಳನ್ನು ತಪ್ಪು ಕಪಾಟಿನಲ್ಲಿಟ್ಟವರ ಮೇಲೆ ಸತ್ತ ಮೇಲೂ ಸಿಟ್ಟಾಗುವ ಆಕೆಯ ಸ್ವಭಾವದಿಂದಲೇ ಬರುತ್ತದೆ.

ಊರಿನ ನಕ್ಷೆ ಬರೆದು ನಡೆದು ಹೋಗುವ ನಿಮಿಷಗಳನ್ನೂ ಗುರುತು ಹಾಕಿ, 9ನೇ ಅಧ್ಯಾಯದಲ್ಲಿ ಅಂಚೆಯವರು ಒಂದೇ ಹೊತ್ತಿಗೆ ಎರಡು ಕಡೆ ಇದ್ದಾರೆ. ಮೊದಲು 18 ತಿದ್ದಿ, ಆಮೇಲೆ ಅದಕ್ಕೆ ಬೇಕಾದ ದೀಪದ ಮಾತನ್ನು 4ರಲ್ಲೋ 5ರಲ್ಲೋ ಸೇರಿಸಿ, ಎರಡನ್ನೂ ಇಲ್ಲೇ ಹಾಕಿ. ಓದಿ ಹೇಳುತ್ತೇನೆ.