ಪ್ರಬಂಧ ಬರೆದಾಯಿತು, ಕಳಿಸುವುದೆಲ್ಲಿಗೆ?

ಇಂಗ್ಲಿಷ್ ಸಾಹಿತ್ಯದಲ್ಲಿ ಸಂಶೋಧನೆ ಮಾಡುತ್ತಿರುವ ಓದುಗರು ಪೇಪರ್ ಮಂಡನೆ, ಜರ್ನಲ್ ಪ್ರಕಟಣೆಗಳ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಆರಕ್ಕೆ ಈ ಸಲ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಬಿ.ಎಂ.ಶ್ರೀ. ಅವರ ಅನುವಾದಗಳ ಮೇಲೆ ಎರಡು ವಿಚಾರ ಸಂಕಿರಣಗಳಿಗೆ 300 ಪದಗಳ ಅಬ್‌ಸ್ಟ್ರ್ಯಾಕ್ಟ್ (ಪ್ರಬಂಧದ ಸಾರಾಂಶ) ಕಳಿಸಿದ್ದೆ. ಎರಡೂ ಕಡೆ ಒಪ್ಪಲಿಲ್ಲ. ಒಬ್ಬರು ‘ವಿಷಯ ಚೆನ್ನಾಗಿದೆ, ವಾದ ಕಾಣುತ್ತಿಲ್ಲ’ ಎಂದು ಬರೆದಿದ್ದಾರೆ. ಅಬ್‌ಸ್ಟ್ರ್ಯಾಕ್ಟಿನ ಪ್ರತಿ ಲಗತ್ತಿಸಿದ್ದೇನೆ. ಎಲ್ಲಿ ತಪ್ಪಿದ್ದೇನೆ?
— ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಅಬ್‌ಸ್ಟ್ರ್ಯಾಕ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬಿ.ಎಂ.ಶ್ರೀ. ಯಾರು, ನವೋದಯಕ್ಕೆ ಅವರ ಕೊಡುಗೆ ಏನು ಎಂಬುದಕ್ಕೇ ಹೋಗಿದೆ. ಕೊನೆಗೆ ‘ಅನುವಾದದ ವಿವಿಧ ಆಯಾಮಗಳನ್ನು ಈ ಪ್ರಬಂಧ ಪರಿಶೀಲಿಸುತ್ತದೆ’ ಎಂದು ಮುಗಿಸಿದ್ದೀರಿ. ಪರಿಶೀಲಿಸಿದಾಗ ಏನು ಕಂಡಿತು? ಆಯ್ಕೆ ಸಮಿತಿ ಹುಡುಕುವುದು ಅದನ್ನೇ.

ನೀವು ಆರಿಸಿಕೊಂಡ ಪದ್ಯವನ್ನೇ ನೋಡೋಣ. ಇಂಗ್ಲಿಷ್ ಧರ್ಮಗುರು ನ್ಯೂಮನ್ 1833ರಲ್ಲಿ ಬರೆದ ‘ಲೀಡ್, ಕೈಂಡ್ಲಿ ಲೈಟ್’ ಪ್ರಾರ್ಥನೆಯಲ್ಲಿ ಬೆಳಕು ಮುಂದೆ ನಡೆಸುತ್ತದೆ, ಪಾದಗಳನ್ನು ಕಾಯುತ್ತದೆ. ಅದರ ಮೂರು ಚರಣಗಳಲ್ಲಿ ಎಲ್ಲಿಯೂ ಕೈಯ ಮಾತಿಲ್ಲ. ಬಿ.ಎಂ.ಶ್ರೀ. ಅವರ ಅನುವಾದ ‘ಕರುಣಾಳು ಬಾ ಬೆಳಕೆ’ಯಲ್ಲಾದರೋ ಆರಂಭದಲ್ಲೇ ಬೆಳಕು ಕೈ ಹಿಡಿದು ನಡೆಸಬೇಕೆಂದು ಬೇಡುತ್ತೇವೆ. ಈ ಕೈ ಎಲ್ಲಿಂದ ಬಂತು? ಛಂದಸ್ಸಿಗೆ ಬೇಕಾಗಿ ಬಂತೆ? ದೇವರನ್ನು ಹತ್ತಿರದವನಂತೆ ಕರೆದು ಮಾತಾಡಿಸುವ ನಮ್ಮ ಭಕ್ತಿಪದ್ಯಗಳ ರೂಢಿಯಿಂದ ಬಂತೆ? ಯಾವುದಾದರೂ ಒಂದನ್ನು ಹಿಡಿದು, ಇನ್ನೆರಡು ಅನುವಾದಗಳಲ್ಲಿ ಇಂಥದೇ ಸೇರ್ಪಡೆ ತೋರಿಸಿದರೆ ಅದು ವಾದ. ಒಪ್ಪದವರು ಎದ್ದು ನಿಂತು ‘ಹಾಗಲ್ಲ’ ಎನ್ನಲು ಅಲ್ಲಿ ಜಾಗವಿರುತ್ತದೆ. ‘ವಿವಿಧ ಆಯಾಮ’ದ ಜೊತೆ ಯಾರು ತಾನೇ ಜಗಳ ಆಡಲಾದೀತು?

300 ಪದಗಳನ್ನು ಹೀಗೆ ಹಂಚಿ ನೋಡಿ. ಸಮಸ್ಯೆಗೆ ಸುಮಾರು 50. ಈವರೆಗಿನ ವಿಮರ್ಶೆ ಏನು ಹೇಳಿದೆ, ಎಲ್ಲಿ ನಿಂತಿದೆ ಎಂಬುದಕ್ಕೆ 60. ನಿಮ್ಮ ವಾದಕ್ಕೆ 80. ಯಾವ ಪದ್ಯ, ಯಾವ ಸಾಲುಗಳಿಂದ ತೋರಿಸುತ್ತೀರಿ ಎಂಬುದಕ್ಕೆ 80. ಉಳಿದದ್ದು, ಇದರಿಂದ ಬದಲಾಗುವುದೇನು ಎಂಬುದಕ್ಕೆ. ಹೊರರಾಜ್ಯದ ಓದುಗರಿಗೆ ಬಿ.ಎಂ.ಶ್ರೀ. ಪರಿಚಯ ಬೇಕು ನಿಜ, ಒಂದು ವಾಕ್ಯ ಸಾಕು. ಸ್ವಪರಿಚಯ 50ರಿಂದ 75 ಪದ, ಪ್ರಥಮ ಪುರುಷದಲ್ಲಿ, ಅಂದರೆ ಬೇರೆ ಯಾರೋ ನಿಮ್ಮ ಬಗ್ಗೆ ಬರೆದ ಹಾಗೆ.

ಕಳಿಸುವ ಜಾಗಗಳು: ಭಾರತದಲ್ಲಿ ಕಾಮನ್‌ವೆಲ್ತ್ ಸಾಹಿತ್ಯ ಅಧ್ಯಯನದ ಸಂಘ ಐಎಸಿಎಲ್‌ಎಎಲ್‌ಎಸ್ ವಾರ್ಷಿಕ ಸಮ್ಮೇಳನ ನಡೆಸುತ್ತದೆ. ಅಲ್ಲಿ ಮಂಡಿಸಿದ ಒಳ್ಳೆಯ ಪೇಪರಿಗೆ ಕೊಡುವ ಬಹುಮಾನ ಸಿ.ಡಿ.ನರಸಿಂಹಯ್ಯನವರ ಹೆಸರಿನದು. ಮೈಸೂರಿನಲ್ಲಿ 1952ರಲ್ಲಿ ‘ದಿ ಲಿಟರರಿ ಕ್ರೈಟೀರಿಯನ್’ ಪತ್ರಿಕೆಯನ್ನೂ 1979ರಲ್ಲಿ ಸಾಹಿತ್ಯ ಅಧ್ಯಯನ ಕೇಂದ್ರ ಧ್ವನ್ಯಾಲೋಕವನ್ನೂ ಕಟ್ಟಿದವರು ಅವರೇ. ದಕ್ಷಿಣ ಏಷ್ಯಾದ ಸಾಹಿತ್ಯವಾದರೆ ಅಮೆರಿಕದ ಸೌತ್ ಏಷ್ಯನ್ ಲಿಟರರಿ ಅಸೋಸಿಯೇಷನ್ ಇದೆ. ಇಂಗ್ಲಿಷ್ ವಿಭಾಗಗಳು ‘ಪೇಪರ್ ಕಳಿಸಿ’ ಎಂದು ಕೊಡುವ ಕರೆಗಳನ್ನೆಲ್ಲ ಒಂದೆಡೆ ನೋಡಲು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗ ಇಟ್ಟಿರುವ ಪಟ್ಟಿ ಬಹಳ ಅನುಕೂಲ. ಕೊನೆಯ ದಿನಾಂಕ ಯಾವ ದೇಶದ ಗಡಿಯಾರಕ್ಕೆ ಎಂದು ನೋಡಿಕೊಳ್ಳಿ. ನೋಂದಣಿ ಶುಲ್ಕದ ಜೊತೆ ಸದಸ್ಯತ್ವ ಶುಲ್ಕವೂ ಬೇರೆ ಇದೆಯೇ ಎಂದು ಮೊದಲೇ ಕೇಳಿ.

ಒಪ್ಪಿಗೆ ಸಿಕ್ಕಿದರೆ 20 ನಿಮಿಷಕ್ಕೆ ಇಂಗ್ಲಿಷಿನಲ್ಲಿ 2,400 ಪದ ಮೀರಬೇಡಿ. ಕನ್ನಡ ಸಾಲುಗಳನ್ನು ಓದಿ ಆಮೇಲೆ ಅರ್ಥ ಹೇಳುವುದಿರುವುದರಿಂದ ನಿಮಗೆ 2,200 ಸಾಕಾಗುತ್ತದೆ. ಸಮಯ ಮುಗಿಯಿತೆಂದು ಅಧ್ಯಕ್ಷರು ಚೀಟಿ ಕಳಿಸಿದಾಗ ಹಾರಿಸಬಹುದಾದ ಒಂದು ಪ್ಯಾರಾಕ್ಕೆ ಮೊದಲೇ ಗುರುತು ಹಾಕಿಟ್ಟುಕೊಳ್ಳಿ.

ಪ್ರಶ್ನೆ: ಒಂದು ಜರ್ನಲ್‌ನಿಂದ ಮೇಲ್ ಬಂದಿದೆ. ₹2,500 ಕಟ್ಟಿದರೆ 5 ದಿನದಲ್ಲಿ ಪ್ರಕಟಿಸುತ್ತಾರಂತೆ. ಐಎಸ್‌ಎಸ್‌ಎನ್ ಇದೆ, ಇಂಪ್ಯಾಕ್ಟ್ ಫ್ಯಾಕ್ಟರ್ 7.2 ಇದೆ, ‘ಯುಜಿಸಿ ಕೇರ್’ ಪಟ್ಟಿಯಲ್ಲೂ ಇದೆ ಎಂದಿದ್ದಾರೆ. ನಂಬಬಹುದೇ?
— ಉಪನ್ಯಾಸಕ, ಚಿತ್ರದುರ್ಗ

ಉತ್ತರ: ಬೇಡ, ಕಟ್ಟಬೇಡಿ. ಅವರು ಕೊಟ್ಟಿರುವ ಒಂದೊಂದು ಭರವಸೆಯನ್ನೂ ಬಿಡಿಸಿ ನೋಡಿ.

ಐಎಸ್‌ಎಸ್‌ಎನ್ ಎಂಬುದು ನಿಯತಕಾಲಿಕಗಳಿಗೆ ಕೊಡುವ ಎಂಟು ಸ್ಥಾನದ ಗುರುತು ಸಂಖ್ಯೆ. ವಾಹನಕ್ಕೆ ನಂಬರ್ ಪ್ಲೇಟ್ ಇದ್ದ ಹಾಗೆ. ಗಾಡಿ ಚೆನ್ನಾಗಿದೆಯೋ ಇಲ್ಲವೋ ಅದರಿಂದ ತಿಳಿಯದು. ಒಂದು ಜರ್ನಲ್ಲಿನ ಲೇಖನಗಳನ್ನು ಬೇರೆ ಲೇಖನಗಳು ಸರಾಸರಿ ಎಷ್ಟು ಸಲ ಉಲ್ಲೇಖಿಸಿವೆ ಎಂಬ ಲೆಕ್ಕವೇ ಇಂಪ್ಯಾಕ್ಟ್ ಫ್ಯಾಕ್ಟರ್. ಹಾಗೆಂದು ವಿದ್ವತ್ ಲೋಕ ಒಪ್ಪುವುದು ಕ್ಲಾರಿವೇಟ್ ಸಂಸ್ಥೆ ಪ್ರಕಟಿಸುವ ಅಂಕಿಯನ್ನು. ಕಲೆ ಮತ್ತು ಮಾನವಿಕ ವಿಷಯಗಳ ಸೂಚಿಯಲ್ಲಿರುವ ಜರ್ನಲ್‌ಗಳಿಗೆ ಅದು ಸಿಗತೊಡಗಿದ್ದೇ 2023ರಲ್ಲಿ. ಸಾಹಿತ್ಯದ ಒಳ್ಳೊಳ್ಳೆಯ ಜರ್ನಲ್‌ಗಳದೂ ಸಾಮಾನ್ಯವಾಗಿ ಒಂದರ ಆಚೀಚೆ ಇರುತ್ತದೆ. ಸಾಹಿತ್ಯ ಜರ್ನಲ್ ತನಗೆ 7.2 ಇದೆ ಎಂದರೆ, ಅಲ್ಲಿಗೇ ಅನುಮಾನ ಹುಟ್ಟಬೇಕು. ಇನ್ನು ಕೇರ್ ಪಟ್ಟಿ: ಒಪ್ಪಬಹುದಾದ ಜರ್ನಲ್ಲುಗಳದೆಂದು 2019ರಲ್ಲಿ ಶುರುವಾದ ಆ ಪಟ್ಟಿಯನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಅದರ ಬದಲಿಗೆ ಜರ್ನಲ್ ಆರಿಸಲು ಕೆಲವು ಮಾನದಂಡಗಳನ್ನು ಸೂಚಿಸಿ, ತೀರ್ಮಾನವನ್ನು ವಿದ್ಯಾಸಂಸ್ಥೆಗಳಿಗೇ ಬಿಟ್ಟಿದೆ. ಈಗಲೂ ‘ಕೇರ್ ಪಟ್ಟಿಯಲ್ಲಿದ್ದೇವೆ’ ಎಂದು ಜಾಹೀರಾತು ಮಾಡುವುದು ದಾರಿ ತಪ್ಪಿಸುವ ಮಾತು.

ಎಲ್ಲಕ್ಕಿಂತ ದೊಡ್ಡ ಸುಳಿವು ಆ ಐದು ದಿನ. ವಿಷಯ ಬಲ್ಲ ಇಬ್ಬರು 7,000 ಪದ ಓದಿ, ಅಭಿಪ್ರಾಯ ಬರೆದು, ಲೇಖಕರು ತಿದ್ದಿ, ಕಾಪಿ ಎಡಿಟ್ ಆಗುವಷ್ಟರಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಐದು ದಿನದಲ್ಲಿ ಆಗುವುದು ಹಣ ಜಮಾ ಮಾತ್ರ.

ಪರೀಕ್ಷಿಸುವ ಬಗೆ ಇಷ್ಟು. ಸಂಪಾದಕ ಮಂಡಳಿಯಿಂದ ಮೂವರ ಹೆಸರು ತೆಗೆದುಕೊಂಡು, ಅವರವರ ವಿಶ್ವವಿದ್ಯಾಲಯದ ಪುಟದಲ್ಲಿ ಈ ಜರ್ನಲ್‌ನ ಉಲ್ಲೇಖ ಇದೆಯೇ ನೋಡಿ. ಎಷ್ಟೋ ಸಲ ಅವರಿಗೆ ತಿಳಿಯದೆಯೇ ಹೆಸರು ಹಾಕಿರುತ್ತಾರೆ. ಹಿಂದಿನ ಒಂದು ಸಂಚಿಕೆ ತೆರೆದು ಎರಡು ಲೇಖನ ಓದಿ: ಅಲ್ಲಿ ಸಾಹಿತ್ಯದ ಪಕ್ಕದಲ್ಲೇ ಮೀನುಗಾರಿಕೆ, ಬ್ಯಾಂಕಿಂಗ್ ಲೇಖನಗಳಿದ್ದರೆ ಅದು ಯಾರ ಜರ್ನಲ್ಲೂ ಅಲ್ಲ. ಆಮೇಲೆ ಅಮೆರಿಕದ ವಿದ್ವಾಂಸರ ಸಂಘ ಎಂಎಲ್‌ಎಯ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ನಿಯತಕಾಲಿಕ ಕೋಶದಲ್ಲಿ ಹುಡುಕಿ. ಎಲ್ಲರೂ ಉಚಿತವಾಗಿ ಓದಬಹುದಾದ ಜರ್ನಲ್ ಆದರೆ, ಅಂಥವುಗಳ ಪಟ್ಟಿಯಾದ ಡಿಒಎಜೆಯಲ್ಲಿ. ಹಳೆಯ, ಗೌರವದ ಜರ್ನಲ್‌ನ ಹೆಸರು ಮತ್ತು ಸಂಖ್ಯೆಯನ್ನೇ ಕದ್ದು ನಕಲಿ ತಾಣ ಮಾಡುವವರೂ ಇದ್ದಾರೆ. ಆದ್ದರಿಂದ ಮೇಲ್‌ನಲ್ಲಿ ಬಂದ ಕೊಂಡಿ ಒತ್ತದೆ, ಪ್ರಕಾಶಕರ ತಾಣದ ಮೂಲಕವೇ ಒಳಗೆ ಹೋಗಿ.

ಚಂದಾ ಆಧಾರದ ಒಳ್ಳೆಯ ಜರ್ನಲ್‌ಗಳು ಸಾಹಿತ್ಯ ವಿಭಾಗದಲ್ಲಿ ಲೇಖಕರಿಂದ ಸಾಮಾನ್ಯವಾಗಿ ಹಣ ಕೇಳುವುದಿಲ್ಲ. ದೊಡ್ಡ ಪ್ರಕಾಶಕರಲ್ಲಿ ಲೇಖನ ಒಪ್ಪಿದ ಮೇಲೆ ‘ಓಪನ್ ಆಕ್ಸೆಸ್ (ಎಲ್ಲರಿಗೂ ಉಚಿತ ಓದು) ಬೇಕೇ’ ಎಂದು ಭಾರೀ ಮೊತ್ತ ತೋರಿಸುವ ಫಾರಂ ಬರುತ್ತದೆ. ಅದು ಐಚ್ಛಿಕ. ಚಂದಾ ಮಾರ್ಗವನ್ನೇ ಆರಿಸಿದರೆ ಪೈಸೆ ಕೊಡಬೇಕಿಲ್ಲ.

ಆ ಜರ್ನಲ್‌ಗೆ ಈಗಾಗಲೇ ಲೇಖನ ಕಳಿಸಿಬಿಟ್ಟಿದ್ದರೆ, ಕಾಪಿರೈಟ್ ಫಾರಂಗೆ ಸಹಿ ಹಾಕುವ ಮುನ್ನ ‘ಹಿಂದಕ್ಕೆ ಪಡೆದಿದ್ದೇನೆ’ ಎಂದು ಮೇಲ್ ಮಾಡಿ, ಉತ್ತರವನ್ನು ಜೋಪಾನ ಮಾಡಿ. ಒಮ್ಮೆ ಅಲ್ಲಿ ಅಚ್ಚಾದರೆ ಅದೇ ಲೇಖನವನ್ನು ಬೇರೆ ಒಳ್ಳೆಯ ಜರ್ನಲ್ ಮುಟ್ಟುವುದಿಲ್ಲ. ಹಣಕ್ಕಿಂತ ಇದೇ ದೊಡ್ಡ ನಷ್ಟ.

ಪ್ರಶ್ನೆ: ಥೀಸಿಸ್ ಸಲ್ಲಿಸುವ ಮೊದಲು ಪೇಪರ್ ಪ್ರಕಟಿಸಲೇಬೇಕೇ?
— ಪಿಎಚ್.ಡಿ. ವಿದ್ಯಾರ್ಥಿ, ಕಲಬುರಗಿ

ಉತ್ತರ: ಯುಜಿಸಿಯ 2016ರ ನಿಯಮದಲ್ಲಿ ಒಂದು ಪ್ರಕಟಿತ ಲೇಖನ, ಎರಡು ಮಂಡನೆ ಕಡ್ಡಾಯವಾಗಿದ್ದವು. 2022ರ ನವೆಂಬರಿನ ನಿಯಮದಲ್ಲಿ ಆ ಕಡ್ಡಾಯ ಇಲ್ಲ. ಆದರೆ ವಿಶ್ವವಿದ್ಯಾಲಯಗಳು ತಮ್ಮದೇ ಷರತ್ತು ಇಟ್ಟುಕೊಂಡಿರಬಹುದು. ನೀವು ನೋಂದಣಿ ಮಾಡಿಸಿದ ವರ್ಷದ ನಿಯಮಾವಳಿಯ ಪ್ರತಿಯನ್ನು ಪಿಎಚ್.ಡಿ. ವಿಭಾಗದಿಂದ ಲಿಖಿತವಾಗಿ ಪಡೆಯಿರಿ. ಬಾಯಿಮಾತಿನ ಮೇಲೆ ನಿಲ್ಲಬೇಡಿ.

ಪ್ರಶ್ನೆ: ಕನ್ನಡ ಕಾದಂಬರಿಗಳ ಇಂಗ್ಲಿಷ್ ಅನುವಾದ ಕುರಿತು ಮಂಡಿಸಿದ 2,400 ಪದಗಳ ಪೇಪರನ್ನು ಹಾಗೇ ಜರ್ನಲ್‌ಗೆ ಕಳಿಸಿದೆ. ವಾರದಲ್ಲಿ ವಾಪಸ್ ಬಂತು, ಪೀರ್ ರಿವ್ಯೂಗೂ (ವಿಷಯ ಬಲ್ಲವರ ಪರಿಶೀಲನೆಗೂ) ಹೋಗಲಿಲ್ಲ. ಏನು ಮಾಡಬೇಕಿತ್ತು?
— ಸಹಾಯಕ ಪ್ರಾಧ್ಯಾಪಕಿ, ಶಿವಮೊಗ್ಗ

ಉತ್ತರ: ಸಂಪಾದಕರ ಮೇಜಿನಿಂದಲೇ ಹಿಂದಿರುಗುವುದಕ್ಕೆ ಹೆಚ್ಚಿನ ಪಾಲು ಎರಡೇ ಕಾರಣ: ಅಳತೆ, ಮತ್ತು ಜರ್ನಲ್‌ನ ವ್ಯಾಪ್ತಿ. ಪೂರ್ಣ ಲೇಖನಕ್ಕೆ ಜರ್ನಲ್‌ಗಳು ಸಾಮಾನ್ಯವಾಗಿ ಕೇಳುವುದು 6,000ದಿಂದ 8,000 ಪದ. ಟಿಪ್ಪಣಿ, ಗ್ರಂಥಸೂಚಿ ಅದರಲ್ಲಿ ಸೇರಿವೆಯೇ ಎಂದು ಆಯಾ ಜರ್ನಲ್‌ನ ಸೂಚನೆಯಲ್ಲಿ ನೋಡಬೇಕು.

2,400ನ್ನು 7,000ಕ್ಕೆ ಹಿಗ್ಗಿಸಲು ಹೋದರೆ ನೀರು ಬೆರೆಸಿದ ಸಾರಾಗುತ್ತದೆ. ಮಂಡನೆಯಲ್ಲಿ ಸಮಯ ಸಾಲದೆ ಬಿಟ್ಟದ್ದನ್ನು ಸೇರಿಸಿ: ಈ ವಿಷಯದ ಹಿಂದಿನ ಚರ್ಚೆಗೆ ಸುಮಾರು 1,200 ಪದ, ಇನ್ನೊಂದು ಭಾಗದ ಸೂಕ್ಷ್ಮ ಓದಿಗೆ 1,500, ಸಭೆಯಲ್ಲಿ ಎದ್ದ ಆಕ್ಷೇಪಕ್ಕೆ ಉತ್ತರವಾಗಿ 800. ಪ್ರಶ್ನೋತ್ತರದ ಹೊತ್ತಿನಲ್ಲಿ ಬಂದ ಪ್ರಶ್ನೆಗಳನ್ನು ಅವತ್ತೇ ಬರೆದಿಟ್ಟುಕೊಳ್ಳಿ ಎಂದು ನಾವು ಹೇಳುವುದು ಇದಕ್ಕೇ. ‘ಆಗಲೇ ಹೇಳಿದ ಹಾಗೆ’ ಎಂಬಂಥ ಮಾತಿನ ಧಾಟಿಯನ್ನು ತೆಗೆದುಹಾಕಿ.

ಜರ್ನಲ್ ಆರಿಸುವಾಗ ಅದರ ಕಳೆದ ಎರಡು ವರ್ಷದ ಸಂಚಿಕೆಗಳ ಅಬ್‌ಸ್ಟ್ರ್ಯಾಕ್ಟ್‌ಗಳನ್ನೆಲ್ಲ ಓದಿ. ನಿಮ್ಮ ಲೇಖನ ಉತ್ತರ ಕೊಡುವಂಥ ಎರಡು ಲೇಖನ ಅಲ್ಲಿ ಸಿಗಲಿಲ್ಲವೆಂದರೆ ಅದು ನಿಮ್ಮ ಜಾಗ ಅಲ್ಲ. ನಿಮ್ಮ ವಸ್ತುವಿಗೆ ಕೆನಡಾದ ಕ್ಯಾಲ್ಗರಿಯಿಂದ 1970ರಿಂದ ಬರುತ್ತಿರುವ ‘ಏರಿಯಲ್’, ‘ಸೌತ್ ಏಷ್ಯನ್ ರಿವ್ಯೂ’, ‘ಜರ್ನಲ್ ಆಫ್ ಪೋಸ್ಟ್‌ಕಲೋನಿಯಲ್ ರೈಟಿಂಗ್’ ನೋಡಬಹುದು. ಸಾಹಿತ್ಯ ಅಕಾಡೆಮಿಯ ‘ಇಂಡಿಯನ್ ಲಿಟರೇಚರ್’ನ ಓದುಗ ವರ್ಗ ಬೇರೆ. ಪರಿಭಾಷೆ ಕಡಿಮೆ ಇರುವ ಪ್ರಬಂಧಕ್ಕೆ, ಅನುವಾದಕ್ಕೆ ಅದು ಒಪ್ಪುತ್ತದೆ. ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಜರ್ನಲ್‌ಗೆ ಕಳಿಸಲೇಬೇಡಿ.

ಕನ್ನಡ ಉದ್ಧರಣೆಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ರೋಮನ್ ಲಿಪಿಯಲ್ಲಿ ಚುಕ್ಕಿ ಇಲ್ಲದೆ ಬರೆದರೆ ‘ಕಲೆ’, ‘ಕಳೆ’ ಎರಡೂ ಒಂದೇ ಆಗುತ್ತವೆ. ಕಲೆಯ ಬಗ್ಗೆ ಹೇಳಿದ ಮಾತು ಗದ್ದೆಯ ಕಳೆಯ ಬಗ್ಗೆ ಆದೀತು. ಒಂದು ಲಿಪ್ಯಂತರ ಪದ್ಧತಿ ಹಿಡಿದು ಕೊನೆಯವರೆಗೂ ಅದನ್ನೇ ಪಾಲಿಸಿ. ಯಾವುದೆಂದು ಮೊದಲ ಟಿಪ್ಪಣಿಯಲ್ಲಿ ಹೇಳಿ. ಅನುವಾದ ಯಾರದು ಎಂಬುದೂ ಬೇಕು, ನಿಮ್ಮದೇ ಆದರೆ ನಿಮ್ಮದೆಂದೇ ಬರೆಯಿರಿ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಸಂಪಾದಕರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಜೊತೆಗೊಂದು ಪಿಡಿಎಫ್ ಇಡಿ. ಕವಿತೆಯನ್ನು ಇಡಿಯಾಗಿ ಉದ್ಧರಿಸುವುದಾದರೆ ಹಕ್ಕುಸ್ವಾಮ್ಯದ ಅನುಮತಿ ತರುವುದು ಲೇಖಕರ ಕೆಲಸ. ಭಾರತದಲ್ಲಿ ಅದು ಕವಿ ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ: 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಪದ್ಯಗಳಿಗೆ ಅನುಮತಿ ಬೇಡ, 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಪದ್ಯಗಳಿಗೆ ಬೇಕು.

ಲೇಖನ ಯಾರದೆಂದು ವಿಮರ್ಶಕರಿಗೆ ತಿಳಿಯಬಾರದು. ಆದ್ದರಿಂದ ಕಳಿಸುವ ಮುನ್ನ ಹೆಸರು, ಕೃತಜ್ಞತೆ, ‘ನನ್ನ ಹಿಂದಿನ ಲೇಖನದಲ್ಲಿ’ ಎಂಬಂಥ ಸುಳಿವು ತೆಗೆಯಿರಿ. ಫೈಲಿನ ಒಳಗೂ ಹೆಸರು ಅಡಗಿರುತ್ತದೆ: ವರ್ಡ್‌ನಲ್ಲಿ ಫೈಲ್, ಇನ್ಫೋ, ಇನ್‌ಸ್ಪೆಕ್ಟ್ ಡಾಕ್ಯುಮೆಂಟ್ ಎಂದು ಹೋಗಿ ಅಳಿಸಿ. ಉತ್ತರಕ್ಕೆ ಮೂರರಿಂದ ಎಂಟು ತಿಂಗಳು ಆಗಬಹುದು. ನಾಲ್ಕು ತಿಂಗಳಾದ ಮೇಲೆ ಲೇಖನದ ಸಂಖ್ಯೆ ಹಾಕಿ ವಿನಯವಾಗಿ ವಿಚಾರಿಸಿದರೆ ತಪ್ಪಲ್ಲ. ‘ತಿದ್ದಿ ಮತ್ತೆ ಕಳಿಸಿ’ ಎಂದು ಬಂದರೆ ಸಂತೋಷಪಡಿ, ಬಾಗಿಲು ತೆರೆದಿದೆ ಎಂದೇ ಅರ್ಥ. ಮೂರು ಅಂಕಣದ ಕೋಷ್ಟಕ ಮಾಡಿ: ವಿಮರ್ಶಕರ ಮಾತು, ನೀವು ಮಾಡಿದ ಬದಲಾವಣೆ, ಪುಟ ಸಂಖ್ಯೆ. ಒಪ್ಪದ ಸಲಹೆಯನ್ನು ಬಿಟ್ಟುಹಾಕದೆ, ಯಾಕೆ ಒಪ್ಪಲಿಲ್ಲ ಎಂದು ಎರಡು ಸಾಲು ಬರೆಯಿರಿ.

ಪ್ರಶ್ನೆ: ಒಂದು ಇಂಗ್ಲಿಷ್ ಕವಿತೆಯಲ್ಲಿ ಯಾರೂ ಗಮನಿಸದ ಒಂದು ಸಣ್ಣ ಉಲ್ಲೇಖ ಪತ್ತೆ ಮಾಡಿದ್ದೇನೆ. ಹೇಳುವುದಕ್ಕೆ 1,000 ಪದ ಸಾಕು. ಇದಕ್ಕೆ ಜಾಗ ಇದೆಯೇ?
— ಎಂ.ಎ. ವಿದ್ಯಾರ್ಥಿ, ಮೈಸೂರು

ಉತ್ತರ: ಖಂಡಿತ ಇದೆ. ದಯವಿಟ್ಟು ಅದನ್ನು ಎಳೆದು ದೊಡ್ಡದು ಮಾಡಬೇಡಿ. ಲಂಡನ್ನಿನಲ್ಲಿ 1849ರಲ್ಲಿ ಶುರುವಾದ ‘ನೋಟ್ಸ್ ಅಂಡ್ ಕ್ವೆರೀಸ್’ ಇಂಥ ಪುಟ್ಟ, ಖಚಿತ ಟಿಪ್ಪಣಿಗಳಿಗೆಂದೇ ಇದೆ. ಅಲ್ಲಿ ಬೇಕಿರುವುದು ಪುರಾವೆ: ಮೂಲ ಯಾವುದು, ಕವಿ ಅದನ್ನು ಓದಿದ್ದರೆಂದು ಹೇಗೆ ಗೊತ್ತು. ಪಠ್ಯದ ಸೂಕ್ಷ್ಮ ಓದಾದರೆ 1942ರಿಂದ ಬರುತ್ತಿರುವ ‘ದಿ ಎಕ್ಸ್‌ಪ್ಲಿಕೇಟರ್’ ನೋಡಿ. ‘ಯಾರೂ ಗಮನಿಸಿಲ್ಲ’ ಎನ್ನುವ ಮುನ್ನ ಆ ಕವಿತೆಯ ಟಿಪ್ಪಣಿಸಹಿತ ಆವೃತ್ತಿಗಳನ್ನೂ ಎಂಎಲ್‌ಎ ಗ್ರಂಥಸೂಚಿಯನ್ನೂ ಹುಡುಕಿ ಮುಗಿಸಿರಬೇಕು.

ಪ್ರಶ್ನೆ: ಥೀಸಿಸ್ ಅಧ್ಯಾಯಕ್ಕೆ ಕೃತಿಚೌರ್ಯ ಪತ್ತೆ ಮಾಡುವ ಸಾಫ್ಟ್‌ವೇರ್ 27% ಹೋಲಿಕೆ ತೋರಿಸುತ್ತಿದೆ. ಒಂದು ಸಾಲೂ ಕದ್ದಿಲ್ಲ.
— ಸಂಶೋಧಕ, ತುಮಕೂರು

ಉತ್ತರ: ನಂಬುತ್ತೇವೆ. ಸಾಹಿತ್ಯದ ಥೀಸಿಸ್‌ನಲ್ಲಿ ಮೂಲಪಠ್ಯದ ಉದ್ಧರಣೆ ಜಾಸ್ತಿ ಇರುವುದರಿಂದ ಹೀಗಾಗುತ್ತದೆ. ಯುಜಿಸಿಯ 2018ರ ನಿಯಮದಲ್ಲಿ 10%ವರೆಗೆ ದಂಡನೆ ಇಲ್ಲ. 10ರಿಂದ 40% ಇದ್ದರೆ ಗರಿಷ್ಠ 6 ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. ಆದರೆ ಮೂಲ ಹೇಳಿ ಕೊಟ್ಟ ಉದ್ಧರಣೆ, ಗ್ರಂಥಸೂಚಿ, ಸತತ 14 ಪದಗಳವರೆಗಿನ ಆಕಸ್ಮಿಕ ಹೋಲಿಕೆ ಲೆಕ್ಕಕ್ಕೆ ಬರಬಾರದೆಂದು ಅದೇ ನಿಯಮ ಹೇಳುತ್ತದೆ.

ಉದ್ಧರಣೆಗಳನ್ನು ಹೊರಗಿಡುವ ಆಯ್ಕೆಯನ್ನು ಗ್ರಂಥಾಲಯದವರು ಒತ್ತಿದ್ದಾರೆಯೇ ಕೇಳಿ. ಒತ್ತಿದ್ದರೂ ಎರಡು ಕಡೆ ತಪ್ಪಬಹುದು: ಒಂಟಿ ಉದ್ಧರಣ ಚಿಹ್ನೆ ಬಳಸಿದ ಕಡೆ, ಮತ್ತು ಚಿಹ್ನೆ ಇಲ್ಲದೆ ಒಳಸರಿಸಿ ಕೊಟ್ಟ ಉದ್ದ ಭಾಗಗಳಲ್ಲಿ. ಪೂರ್ತಿ ವರದಿ ತರಿಸಿಕೊಂಡು ಬಣ್ಣ ಹಚ್ಚಿದ ಒಂದೊಂದು ಸಾಲನ್ನೂ ನೋಡಿ. ಉದ್ಧರಣೆಯಾದರೆ ಪಕ್ಕದಲ್ಲಿ ಹಾಗೆಂದು ಬರೆದು ಗೈಡ್ ಸಹಿ ಹಾಕಿಸಿ. ವಿಮರ್ಶಕರ ಮಾತನ್ನು ಒಂದೆರಡು ಪದ ಬದಲಿಸಿ ಬರೆದ ಸಾಲುಗಳು ಸಿಕ್ಕರೆ, ಪುಸ್ತಕ ಮುಚ್ಚಿಟ್ಟು, ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲಿ ಬರೆದು ಮೂಲದ ಹೆಸರು ಹಾಕಿ. ಪ್ರಕಟಿತ ನಿಮ್ಮದೇ ಲೇಖನ ಹೊಂದಿಕೆಯಾಗಿ ಬಂದಿದ್ದರೆ ಅದರ ಪ್ರತಿಯನ್ನು ವರದಿಗೆ ಲಗತ್ತಿಸಿ, ಅಧ್ಯಾಯದ ಮೊದಲ ಟಿಪ್ಪಣಿಯಲ್ಲಿ ಎಲ್ಲಿ, ಯಾವಾಗ ಪ್ರಕಟವಾಯಿತೆಂದು ತಿಳಿಸಿ.