ಜಾದೂ ಕಲಿಯಬೇಕಾದರೆ ಚಿತ್ರ, ಹಾಡು, ನಾಟಕ ಬಿಡಬೇಕಾ?

ನೌಕರಿಯ ಜೊತೆ ಜಾದೂ ಕಲಿಯುತ್ತಿದ್ದೀರಿ. ಚಿತ್ರ ಬಿಡಿಸುತ್ತೀರಿ, ಹಾಡುತ್ತೀರಿ, ನಾಟಕದ ಹುಚ್ಚೂ ಇದೆ. ‘ಯಾವುದಾದರೂ ಒಂದನ್ನು ಹಿಡಿ’ ಅಂತ ಮನೆಯವರು ಹೇಳುತ್ತಿದ್ದಾರೆ, ಹವ್ಯಾಸಿ ಜಾದೂಗಾರನ ಬದುಕಿನಲ್ಲಿ ಇಷ್ಟೆಲ್ಲಕ್ಕೆ ಜಾಗ ಇದೆಯಾ ಅಂತ ಕೇಳಿದ್ದೀರಿ. ಇದೆ. ದಯವಿಟ್ಟು ಯಾವುದನ್ನೂ ಬಿಡಬೇಡಿ. ನನ್ನದೂ ಇದೇ ಬದುಕು. ಹಗಲು ಬೇರೆ ಕೆಲಸ, ಸಂಜೆ ಇಸ್ಪೀಟು, ನಾಣ್ಯ, ಪೆನ್ಸಿಲ್ಲು.

ಜಾದೂ ಅಂದರೆ ಬರೀ ಕೈಚಳಕ ಅಂದುಕೊಳ್ಳುವವರೇ ಜಾಸ್ತಿ. ನಾಣ್ಯವನ್ನು ಅಂಗೈಯಲ್ಲಿ ಬಚ್ಚಿಡುವುದನ್ನು ಕೈ ಹೇಗೋ ಕಲಿತುಬಿಡುತ್ತದೆ. ಆದರೆ ಆ ಕೈ ಖಾಲಿ ಇದ್ದಂತೆ ಕಾಣಬೇಕಲ್ಲ, ಅದೇ ಕಷ್ಟ. ನನಗೆ ಅದನ್ನು ಕಲಿಸಿದ್ದು ಚಿತ್ರಕಲೆ. ಸುಮ್ನೆ ಕೂತು ಮಾತಾಡುವವರ ಕೈಗಳ ಚಿತ್ರ ಬಿಡಿಸಿ ನೋಡಿ. ಸಡಿಲವಾಗಿರುವ ಕೈಯಲ್ಲಿ ಬೆರಳುಗಳು ತಾವಾಗಿಯೇ ಸ್ವಲ್ಪ ಒಳಗೆ ಬಾಗಿರುತ್ತವೆ, ಹೆಬ್ಬೆರಳು ಆರಾಮಾಗಿ ಇರುತ್ತದೆ. ಏನನ್ನೋ ಬಚ್ಚಿಟ್ಟ ಕೈಯಲ್ಲಿ ಹೆಬ್ಬೆರಳು ಸೆಟೆದು ನಿಲ್ಲುತ್ತದೆ. ನೋಡುವವರಿಗೆ ಕಾರಣ ಹೊಳೆಯದಿದ್ದರೂ ಅನುಮಾನ ಬಂದೇ ಬರುತ್ತದೆ.

ಹಾಡು ಕೂಡ ಅಷ್ಟೇ ಕೆಲಸಕ್ಕೆ ಬರುತ್ತದೆ. ಜನರ ಗಮನ ಒಂದೇ ಸಮ ಇರುವುದಿಲ್ಲ. ನಗು ಬಂದಾಗ, ‘ಆಟ ಮುಗಿಯಿತು’ ಅನ್ನಿಸಿದಾಗ ಅದು ಸಡಿಲವಾಗುತ್ತದೆ. ಜಾದೂಗಾರರು ಇದಕ್ಕೆ ಆಫ್‌ಬೀಟ್ ಅನ್ನುತ್ತಾರೆ. ಗುಟ್ಟಿನ ಕೆಲಸವೆಲ್ಲ ಆ ಗಳಿಗೆಯಲ್ಲೇ ಆಗಬೇಕು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಹಾಡುವವರಿಗೆ ಗೊತ್ತಿರುತ್ತದೆ, ಹಾಗಾಗಿ ಅವರಿಗೆ ಇದು ಬೇಗ ಹಿಡಿತಕ್ಕೆ ಸಿಗುತ್ತದೆ. ನಾಟಕದ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ನಾಣ್ಯ ಎಡಗೈಗೆ ಹೋಯಿತು ಅಂತ ನೀವೇ ನಂಬಿ ಎಡಗೈಯನ್ನು ನೋಡದಿದ್ದರೆ ಯಾರೂ ನಂಬುವುದಿಲ್ಲ.

ಈ ವಿದ್ಯೆ ಬೆಳೆದದ್ದೂ ಹೀಗೆಯೇ ಅಲ್ವಾ? ಫ್ರಾನ್ಸಿನ ಜಾದೂಗಾರ ರಾಬರ್ಟ್-ಹೂದಾಂ (1805–1871) ಗಡಿಯಾರ ಮಾಡುವ ಕಸುಬಿನವರು. ಆ ಕಸುಬಿನ ಬಲದಿಂದಲೇ ಅವರು ವೇದಿಕೆಯ ಮೇಲೆ ಹೂಬಿಟ್ಟು ಹಣ್ಣು ಕೊಡುವ ಕಿತ್ತಳೆ ಗಿಡ ತೋರಿಸಿದರು. ಅವರ ಹೆಸರಿನ ರಂಗಮಂದಿರವನ್ನು 1888ರಲ್ಲಿ ಕೊಂಡ ಜಾರ್ಜ್ ಮೆಲಿಯೆಸ್‌ಗೆ ಚಿತ್ರಕಲೆಯೂ ಗೊತ್ತಿತ್ತು, ಜಾದೂವೂ ಗೊತ್ತಿತ್ತು. ಎರಡನ್ನೂ ಅವರು ಸಿನಿಮಾಕ್ಕೆ ತಂದರು. ಜಾದೂಗಾರರು ‘ಪ್ರೊಫೆಸರ್’ ಅಂತ ಕರೆಯುತ್ತಿದ್ದ ಡಾಯ್ ವರ್ನನ್, ಕಪ್ಪು ಕಾಗದದಲ್ಲಿ ಜನರ ಮುಖದ ನೆರಳುಚಿತ್ರ ಕತ್ತರಿಸಿ ಕೊಟ್ಟು ಸಂಪಾದಿಸುತ್ತಿದ್ದರು. ಹುಡುಗನಾಗಿದ್ದಾಗ ವರ್ನನ್ ಜೊತೆ ಊರೂರು ತಿರುಗಿದ ಪರ್ಸಿ ಡಯಾಕೊನಿಸ್ ಮುಂದೆ ಗಣಿತಜ್ಞರಾದರು. 52 ಎಲೆಗಳ ಕಟ್ಟು ಸರಿಯಾಗಿ ಬೆರೆಯಲು ಅದನ್ನು ಎರಡು ಪಾಲು ಮಾಡಿ, ಒಂದರೊಳಗೊಂದು ಸೇರಿಸುತ್ತಾ ಸುಮಾರು 7 ಸಲ ಕಲೆಸಬೇಕು ಅಂತ 1992ರಲ್ಲಿ ಇನ್ನೊಬ್ಬ ಗಣಿತಜ್ಞ ಡೇವ್ ಬೇಯರ್ ಜೊತೆ ಸೇರಿ ತೋರಿಸಿಕೊಟ್ಟವರು ಅವರೇ. ಇಸ್ಪೀಟಿನ ಮೇಲಿನ ಪ್ರೀತಿ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಯಿತು ನೋಡಿ!

ಇನ್ನು ಹವ್ಯಾಸಿಯ ಕಷ್ಟ. ವೃತ್ತಿಯವರಿಗೆ ದಿನವೂ ಹೊಸ ಪ್ರೇಕ್ಷಕರು, ಹಾಗಾಗಿ ಒಂದೇ ಆಟವನ್ನು ವರ್ಷಗಟ್ಟಲೆ ತೋರಿಸಬಹುದು. ನಮಗೆ ಅದೇ ಮನೆಯವರು, ಅದೇ ಗೆಳೆಯರು. ಹೊಸ ಆಟ ಬೇಕೆಂದು ಅವರು ಕೇಳುತ್ತಲೇ ಇರುತ್ತಾರೆ, ಹಳೆಯದು ಕೈಗೆ ಕೂರುವ ಮುಂಚೆಯೇ ಹೊಸದಕ್ಕೆ ಕೈ ಹಾಕುವ ಆಸೆ ಆಗುತ್ತದೆ. ಆ ಆಸೆಯನ್ನು ತಡೆದುಕೊಳ್ಳಿ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಜಾದೂವಿನಲ್ಲಿ ನಿಮ್ಮ ಅತಿ ಒಳ್ಳೆಯ ಕೆಲಸವನ್ನು ಯಾರೂ ನೋಡಬಾರದು. ತಿಂಗಳುಗಟ್ಟಲೆ ತಿದ್ದಿದ ಒಂದು ಚಲನೆ ಕಣ್ಣಿಗೆ ಬೀಳದಿದ್ದರೆ ಮಾತ್ರ ಗೆದ್ದಂತೆ. ‘ಇದನ್ನು ಹೇಗೆ ಮಾಡಿದೆ ನೋಡು’ ಅಂತ ಮನೆಯವರಿಗೂ ಹೇಳುವಂತಿಲ್ಲ. ಒಬ್ಬರೇ ಹೊತ್ತುಕೊಳ್ಳುವ ಈ ಗುಟ್ಟು ಒಮ್ಮೊಮ್ಮೆ ಭಾರ ಅನ್ನಿಸುತ್ತದೆ. ಆಗ ಚಿತ್ರ ಬಿಡಿಸುತ್ತೇನೆ. ಅಲ್ಲಿ ಪ್ರತಿ ಗೆರೆಯನ್ನೂ ತೋರಿಸಬಹುದು, ಹೇಗೆ ಎಳೆದೆ ಅಂತ ಮಕ್ಕಳಿಗೆ ಹೇಳಿಕೊಡಬಹುದು. ಬರೀ ಜಾದೂ ಹಿಡಿದಿದ್ದರೆ ಇಷ್ಟು ವರ್ಷ ಇದರಲ್ಲಿ ಉಳಿಯುತ್ತಿರಲಿಲ್ಲ ಅನ್ನಿಸುತ್ತದೆ.

ಸದ್ಯಕ್ಕೆ ನಾಣ್ಯದ ಒಂದೇ ಒಂದು ಆಟ ಆರಿಸಿಕೊಳ್ಳಿ. ಕನ್ನಡಿಯನ್ನು ಮಾತ್ರ ನಂಬಿ ಅಭ್ಯಾಸ ಮಾಡಬೇಡಿ, ಮೊಬೈಲಿನಲ್ಲಿ ವಿಡಿಯೊನೂ ಮಾಡಿಕೊಳ್ಳಿ. ಕನ್ನಡಿ ಮುಂದೆ ಗುಟ್ಟಿನ ಚಲನೆ ಬಂದಾಗ ನಮಗೇ ಗೊತ್ತಿಲ್ಲದೆ ರೆಪ್ಪೆ ಮುಚ್ಚಿಬಿಡುವುದುಂಟು, ತಪ್ಪು ಕಾಣುವುದೇ ಇಲ್ಲ. ವಿಡಿಯೊದಲ್ಲಿ ಆ ರೆಪ್ಪೆಯೂ ಕಾಣುತ್ತದೆ, ಹೆಬ್ಬೆರಳೂ ಕಾಣುತ್ತದೆ.