ಟ್ರ್ಯಾಕಿಗೆ ಕಿತ್ತಳೆ ಬಣ್ಣ ಬಳಿಯುವುದನ್ನು ಮೊದಲು ನಿಲ್ಲಿಸಿ

ಮಾಡೆಲ್ ಟ್ಯಾಂಕ್ ಕಟ್ಟುವವರಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಟ್ರ್ಯಾಕಿನದ್ದೇ, ಅಂದರೆ ಚಕ್ರಗಳ ಸುತ್ತ ಓಡುವ ಚೈನಿನದ್ದೇ. ಮೇಲಿನ ಬಾಡಿಗೆ ವಾರಗಟ್ಟಲೆ ಕೂತು ಬಣ್ಣ ಹಚ್ಚುತ್ತಾರೆ. ಟ್ರ್ಯಾಕಿಗೆ ಮಾತ್ರ ಕೊನೇ ದಿನ ಅರ್ಧ ಗಂಟೆ. ಆಮೇಲೆ ಫೋಟೋ ಕಳಿಸಿ, "ಏನೋ ಸರಿ ಇಲ್ಲ, ಹೇಳಿ" ಅನ್ನುತ್ತಾರೆ. ಹಾಗಾಗಿ ಈ ಸಲ ಟ್ರ್ಯಾಕ್ ಮಾತ್ರ. ಕತ್ತರಿಸುವುದು, ಅಂಟಿಸುವುದು, ಏರ್‌ಬ್ರಷ್ ಹಿಡಿಯುವುದು ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: 1/35 ಅಳತೆಯ ಸೋವಿಯತ್ ಟ್ಯಾಂಕ್ ಟಿ-34 ಮಾಡಿದ್ದೇನೆ. ರಷ್ಯಾದ ಕುರ್ಸ್ಕ್ ಯುದ್ಧದ್ದು. ನಿಜವಾದ ತುಕ್ಕು ನೋಡಿಯೇ ಟ್ರ್ಯಾಕಿನ ಬಣ್ಣ ಹೊಂದಿಸಿದೆ, ಅಂಗಳದ ಮಣ್ಣನ್ನೇ ಮೆತ್ತಿದೆ. ಆದರೂ ಆಟಿಕೆ ಥರ ಕಾಣುತ್ತದೆ. ಯಾಕೆ? (ಕಾರವಾರದ ಓದುಗರು)

ನೀವು ನೋಡಿದ ತುಕ್ಕು ಯಾವುದು ಅಂತ ನಿಮ್ಮ ಎರಡನೇ ಫೋಟೋದಲ್ಲೇ ಗೊತ್ತಾಯಿತು. ಬೈತಖೋಲ್ ಬಂದರಿನಲ್ಲಿ ಬಿದ್ದಿರುವ ಲಂಗರಿನ ಸರಪಳಿ. ಅದು ಉಪ್ಪು ನೀರು ಕುಡಿದು, ಅಲುಗಾಡದೆ, ಮಳೆಗಾಲ ಕಳೆದ ಕಬ್ಬಿಣ. ಅದರ ಮೇಲೆ ತುಕ್ಕು ಪದರ ಪದರವಾಗಿ ಕೂರುತ್ತದೆ, ಹಪ್ಪಳದ ಹಾಗೆ ಏಳುತ್ತದೆ, ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಓಡಾಡುವ ಟ್ಯಾಂಕಿನ ಟ್ರ್ಯಾಕಿಗೆ ಇಷ್ಟು ಪುರುಸೊತ್ತು ಎಲ್ಲಿದೆ ಮಾರಾಯ್ರೇ? ಮೂವತ್ತು ಟನ್ ಆಸುಪಾಸಿನ ಭಾರ ಹೊತ್ತು ನೆಲಕ್ಕೆ ಉಜ್ಜಿಕೊಂಡೇ ಹೋಗುತ್ತದೆ. ಕೂತ ತುಕ್ಕು ನಿಲ್ಲುವುದಿಲ್ಲ.

ಬಂದರು ಬಿಡಿ. ಹೆದ್ದಾರಿ 66ರ ಬದಿಯಲ್ಲೋ, ಯಾರದೋ ಮನೆ ಪಾಯ ತೋಡುವಲ್ಲೋ ಹಿಟಾಚಿ ಕೆಲಸ ಮಾಡುತ್ತಿರುತ್ತದೆ. ಸಂಜೆ ಅದು ನಿಂತ ಮೇಲೆ, ಡ್ರೈವರಿಗೆ ಹೇಳಿ, ಚೈನಿನ ಪಕ್ಕ ಕೂತು ನೋಡಿ. ನೆಲಕ್ಕೆ ತಾಗುವ ಏಣುಗಳು ಉಜ್ಜಿ ಉಜ್ಜಿ ಬಿಳಿ ಉಕ್ಕಾಗಿವೆ. ಅದರ ಪಕ್ಕದ ತಗ್ಗು ಕಂದುಗಪ್ಪು. ಪಿನ್ನು ಕೂಡುವಲ್ಲಿ ಎಣ್ಣೆ ಜಿಡ್ಡಿನ ಕಪ್ಪು. ಮೂಲೆಗಳಲ್ಲಿ ಮಣ್ಣು ಒತ್ತಿಕೊಂಡು ಗಟ್ಟಿಯಾಗಿ, ಬಿರುಕು ಬಿಟ್ಟಿದೆ. ಕಿತ್ತಳೆ ಬಣ್ಣ ಎಲ್ಲಿ? ಮಳೆಯಲ್ಲಿ ನಾಲ್ಕು ದಿನ ಸುಮ್ನೆ ನಿಂತಿದ್ದರೆ ಬಿಳಿ ಏಣಿನ ಮೇಲೆ ತೆಳ್ಳಗೆ ಹಳದಿಗೆಂಪು ಬಂದಿರುತ್ತದೆ. ಮತ್ತೆ ಸ್ವಲ್ಪ ಹೊತ್ತು ಓಡಿದರೆ ಅದೂ ಮಾಯ. ಯುದ್ಧ ಮುಗಿದು ಹೊಲದಲ್ಲಿ ಬಿಟ್ಟುಹೋದ ಟ್ಯಾಂಕ್ ಮಾಡುತ್ತಿದ್ದರೆ ಕಿತ್ತಳೆ ಹಚ್ಚಿ, ಬೇಡ ಅನ್ನುವುದಿಲ್ಲ. ನಿಮ್ಮದು ಓಡುತ್ತಿರುವ ಟ್ಯಾಂಕ್.

ಈಗ ಬಣ್ಣದ ವಿಷಯ. "ಟ್ರ್ಯಾಕ್ ಕಲರ್" ಅಂತ ಒಂದೇ ಬಾಟಲಿ ತೋರಿಸಿ, ಇದೊಂದು ಹೊಡೆದರೆ ಮುಗಿಯಿತು ಅನ್ನುವ ವಿಡಿಯೋ ಗುರುಗಳ ಮಾತು ಕೇಳಬೇಡಿ. ಅಕ್ರಿಲಿಕ್ ಫ್ಲಾಟ್ ಬ್ಲ್ಯಾಕ್‌ಗೆ ರೆಡ್ ಬ್ರೌನ್ ಮತ್ತು ಸ್ವಲ್ಪ ಗ್ರೇ ಸೇರಿಸಿ. ಟಾಮಿಯಾ ಕಂಪನಿಯ ಡಾರ್ಕ್ ಐರನ್, ಎಕ್ಸ್‌ಎಫ್-84, ಸಿಕ್ಕರೆ ಅದೂ ಆಗುತ್ತದೆ. ಬರೀ ಕಪ್ಪು ಬೇಡ. ಬುಡವೇ ಕಪ್ಪಾದರೆ ಆಮೇಲೆ ಹಾಕುವ ವಾಶ್, ಅಂದರೆ ತಗ್ಗಿಗೆ ಹರಿಸುವ ತೆಳು ಬಣ್ಣ, ಕಾಣುವುದೇ ಇಲ್ಲ. ಈ ಅಕ್ರಿಲಿಕ್ ಚೆನ್ನಾಗಿ ಒಣಗಿದ ಮೇಲೆ ಬರ್ಂಟ್ ಅಂಬರ್ ಆಯಿಲ್ ಬಣ್ಣದ ವಾಶ್. ಕ್ಯಾಮ್ಲಿನ್ ಟ್ಯೂಬ್ ಸಾಕು, ವಿದೇಶಿ ಬಾಟಲಿಗೆ ದುಡ್ಡು ಸುರಿಯಬೇಡಿ. ಬಣ್ಣವನ್ನು ಒಂದು ರಟ್ಟಿನ ತುಂಡಿನ ಮೇಲೆ ಹಿಂಡಿ ಸ್ವಲ್ಪ ಹೊತ್ತು ಬಿಡಿ. ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ. ಆಮೇಲೆ ಟರ್ಪೆಂಟೈನಿನಲ್ಲಿ ತೆಳ್ಳಗೆ ಕಲಸಿದರೆ ಹೊಳಪಿಲ್ಲದೆ ಒಣಗುತ್ತದೆ.

ಮಣ್ಣು. ಇದು ನನಗೆ ಜಾಸ್ತಿ ಸಿಟ್ಟು ಬರಿಸುವ ವಿಷಯ. ನಮ್ಮ ಅಂಗಳದ ಚಿರೇಕಲ್ಲಿನ ಕೆಂಪು ಮಣ್ಣನ್ನು ಕುರ್ಸ್ಕ್‌ಗೆ ಯಾಕೆ ಸಾಗಿಸುತ್ತೀರಿ? ಅಲ್ಲಿಯದು ಕರಿ ಮಣ್ಣು. ಯುದ್ಧ ನಡೆದದ್ದು 1943ರ ಬೇಸಿಗೆಯಲ್ಲಿ. ಒಣಗಿದ ಮೇಲೆ ಆ ಮಣ್ಣು ಬೂದುಗಂದು ಧೂಳಾಗುತ್ತದೆ. ಬಣ್ಣ ತಪ್ಪಿದ್ದು ಒಂದಾದರೆ ಅಳತೆ ತಪ್ಪಿದ್ದು ಇನ್ನೊಂದು. ಅರ್ಧ ಮಿಲಿಮೀಟರಿನ ಮರಳು ಕಾಳು 1/35ರಲ್ಲಿ ಹದಿನೇಳೂವರೆ ಮಿಲಿಮೀಟರಿನ ಜಲ್ಲಿ. ನಿಮ್ಮ ಟ್ಯಾಂಕ್ ಜಲ್ಲಿ ಕ್ವಾರಿಯಿಂದ ಎದ್ದು ಬಂದ ಹಾಗಿದೆ. ಪಿಗ್ಮೆಂಟ್ ಅನ್ನುವ ನಯವಾದ ಬಣ್ಣದ ಪುಡಿಯನ್ನೇ ಬಳಸಿ. ಒಣಪುಡಿಯನ್ನು ತಗ್ಗುಗಳಿಗೆ ಉದುರಿಸಿ, ಪುಡಿ ಹಿಡಿದಿಡುವ ಫಿಕ್ಸರ್ ಅಥವಾ ಎನಾಮಲ್ ಥಿನ್ನರನ್ನು ಬ್ರಷ್ ತುದಿಯಿಂದ ಬದಿಗೆ ಮುಟ್ಟಿಸಿ. ತಾನಾಗಿ ಒಳಗೆ ಹರಿದುಕೊಳ್ಳುತ್ತದೆ. ಉದುರಿಸುವಾಗ ಫ್ಯಾನ್ ಆರಿಸಿ, ಮಾಸ್ಕ್ ಹಾಕಿ. ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಬೇಡಿ. ಈ ಪುಡಿ ಶ್ವಾಸಕೋಶಕ್ಕೆ ಹೋಗುವಷ್ಟು ನಯ.

ಎಲ್ಲ ಒಣಗಿದ ಮೇಲೆ, ಕಟ್ಟಕಡೆಗೆ, ಉಕ್ಕು. ಬೆಳ್ಳಿ ಬಣ್ಣದ ಡ್ರೈಬ್ರಷ್ (ಬಣ್ಣ ಒರೆಸಿದ ಒಣ ಬ್ರಷ್ ಸವರುವುದು) ಅಲ್ಲ. ಅದು ಎಲ್ಲ ಏಣಿನ ಮೇಲೂ ಒಂದೇ ಸಮ ಕೂತು, ಮಿಠಾಯಿಗೆ ಬೆಳ್ಳಿ ವರಕ್ ಹಚ್ಚಿದಂತಾಗುತ್ತದೆ. ಒಂದು 6ಬಿ ಅಥವಾ 8ಬಿ ಪೆನ್ಸಿಲ್ ತಗೊಳ್ಳಿ. ಸೀಸವನ್ನು ಓರೆಯಾಗಿ ಹಿಡಿದು ನೆಲಕ್ಕೆ ತಾಗುವ ಏಣಿನ ಮೇಲೆ ಮಾತ್ರ ಎಳೆಯಿರಿ. ಆಮೇಲೆ ಬೆರಳಿನಿಂದ ಒರೆಸಿ. ಗ್ರಾಫೈಟಿನ ಹೊಳಪು ಉಜ್ಜಿದ ಉಕ್ಕಿನ ಹೊಳಪಿಗೆ ತೀರಾ ಹತ್ತಿರ.

ಆದರೆ ಎಲ್ಲೆಲ್ಲಿ ಎಳೆಯಬೇಕು? ಯಾರೂ ಕೇಳದ, ಕೇಳಲೇಬೇಕಾದ ಪ್ರಶ್ನೆ ಇದು. ಕಬ್ಬಿಣಕ್ಕೆ ಏನು ತಾಗುತ್ತದೆ ಅಂತ ನೋಡಿ. ಟಿ-34ರಲ್ಲಿ ಒಂದು ಬಿಟ್ಟು ಒಂದು ಲಿಂಕಿಗೆ, ಅಂದರೆ ಟ್ರ್ಯಾಕಿನ ತುಂಡಿಗೆ, ಒಳಗಡೆ ಒಂದು ಕೊಂಬಿದೆ. ಹಿಂದಿನ ಡ್ರೈವ್ ಚಕ್ರದ ನಡುವೆ ರೋಲರ್‌ಗಳಿವೆ. ಆ ರೋಲರ್ ಈ ಕೊಂಬನ್ನು ದೂಡಿಯೇ ಟ್ರ್ಯಾಕ್ ಎಳೆಯುವುದು. ಅಂದರೆ ಕೊಂಬು ಪಳಪಳ ಹೊಳೆಯಬೇಕು. ನಿಮ್ಮ ಮಾಡೆಲಿನಲ್ಲಿ ಕೊಂಬಿಗೂ ಕಿತ್ತಳೆ ಬಣ್ಣ! ಇನ್ನು ಚಕ್ರಗಳು ಉರುಳುವ ಒಳಮೈ. ಚಕ್ರಕ್ಕೆ ರಬ್ಬರ್ ಪಟ್ಟಿ ಇದ್ದರೆ ಅಲ್ಲಿ ಧೂಳು ಒರೆಸಿಹೋಗಿ ನುಣುಪಾದ ಕಪ್ಪು ಜಾಡು ಇರುತ್ತದೆ, ಬೆಳ್ಳಗಾಗುವುದಿಲ್ಲ. 1942ರ ಹೊತ್ತಿಗೆ ರಬ್ಬರ್ ಸಾಲದೆ ಸೋವಿಯತ್ ಕಾರ್ಖಾನೆಗಳು ಉಕ್ಕಿನ ಅಂಚಿನ ಚಕ್ರವನ್ನೂ ಹಾಕಿದ್ದವು. ನಿಮ್ಮ ಕಿಟ್ಟಿನಲ್ಲಿ ಅಂಥ ಚಕ್ರ ಇದ್ದರೆ ಅದು ಓಡುವ ಜಾಗಕ್ಕೂ ಪೆನ್ಸಿಲ್ ಬೇಕು. ಅಮೆರಿಕದ ಶರ್ಮನ್ ಟ್ಯಾಂಕ್ ಆದರೆ ಲೆಕ್ಕವೇ ಬೇರೆ. ಅಲ್ಲಿ ಡ್ರೈವ್ ಚಕ್ರದ ಹಲ್ಲು ಹಿಡಿಯುವುದು ಲಿಂಕುಗಳನ್ನು ಜೋಡಿಸುವ ಬದಿಯ ಕನೆಕ್ಟರ್‌ಗಳನ್ನು. ಸವೆಯುವುದೂ ಅವೇ. ಯಾವ ಟ್ಯಾಂಕ್ ಆದರೂ ಬ್ರಷ್ ಎತ್ತುವ ಮೊದಲು ಇದನ್ನು ಯೋಚಿಸಿ. ಬಾಟಲಿಯ ನಂಬರ್ ಆಮೇಲೆ ಕೇಳಿ.

ಪ್ರಶ್ನೆ: ನಮ್ಮ ಚೆಂಡಿಯಾದ ರಾಮ ರಾಘೋಬ ರಾಣೆಯವರು ಟ್ಯಾಂಕುಗಳಿಗೆ ದಾರಿ ಬಿಡಿಸಿದ ದೃಶ್ಯ ಮಾಡಬೇಕು ಅಂತಿದ್ದೇನೆ. ಸ್ಟುವರ್ಟ್ ಟ್ಯಾಂಕಿನ ಕಿಟ್ ತಂದಿದ್ದೇನೆ. ಟ್ರ್ಯಾಕಿಗೆ ಎಷ್ಟು ಮೆಟಲ್ ಹೊಡೆಯಬೇಕು? (ಅಂಕೋಲಾ)

ಒಳ್ಳೆ ಯೋಚನೆ. 1948ರ ಏಪ್ರಿಲ್‌ನಲ್ಲಿ ನೌಶೇರಾ–ರಾಜೌರಿ ದಾರಿಯಲ್ಲಿ ಅವರು ಮೈನುಗಳನ್ನು, ರಸ್ತೆಗೆ ಅಡ್ಡ ಹಾಕಿದ ತಡೆಗಳನ್ನು ತೆಗೆದರು, ಪರಮವೀರ ಚಕ್ರ ಪಡೆದರು. ಕಾರವಾರದ ಮಕ್ಕಳು ಇಂಥದ್ದು ನೋಡಬೇಕು. ಆದರೆ ಮೆಟಲ್ ಬಾಟಲಿ ಮುಚ್ಚಿಡಿ. ಸ್ಟುವರ್ಟಿನಲ್ಲಿ ಜಾಸ್ತಿ ಕಾಣಸಿಗುವುದು ರಬ್ಬರ್ ಬ್ಲಾಕಿನ ಟ್ರ್ಯಾಕ್. ರಬ್ಬರ್ ತುಕ್ಕು ಹಿಡಿಯುವುದಿಲ್ಲ, ಬೆಳ್ಳಿಯಂತೆ ಹೊಳೆಯುವುದೂ ಇಲ್ಲ. ಬ್ಲಾಕಿಗೆ ಹಳೇ ಲಾರಿ ಟೈರಿನ ಬೂದುಗಪ್ಪು, ಮೇಲೆ ಧೂಳು, ಅಂಚಿನಲ್ಲಿ ಸವೆತ. ಪೆನ್ಸಿಲ್ ಬೀಳಬೇಕಾದ್ದು ಬದಿಯ ಕನೆಕ್ಟರ್‌ಗೆ ಮಾತ್ರ. ಇದೇ ಟ್ಯಾಂಕಿಗೆ ಉಕ್ಕಿನ ಟ್ರ್ಯಾಕೂ ಇತ್ತು. ಹಾಗಾಗಿ ಕಿಟ್ಟಿನಲ್ಲಿ ಯಾವುದು ಬಂದಿದೆ ಅಂತ ಮೊದಲು ನೋಡಿಕೊಳ್ಳಿ.

ಪ್ರಶ್ನೆ: ಮೆತ್ತನೆಯ ವಿನೈಲ್ ಟ್ರ್ಯಾಕಿನಿಂದ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿದೆ. ಸೀಮೆಎಣ್ಣೆಯಲ್ಲಿ ನೆನೆಸಿಟ್ಟರೆ ಬಣ್ಣ ಹಿಡಿಯುತ್ತದೆ ಅಂದರು. (ಕುಮಟಾ)

ಅಂದವರ ಹತ್ತಿರ ಇನ್ನು ಏನೂ ಕೇಳಬೇಡಿ. ಅಂಥ ಎಣ್ಣೆಯಲ್ಲಿ ನೆನೆದ ವಿನೈಲ್ ಬಿರುಸಾಗಿ ಪಟ್ಟನೆ ಮುರಿಯಬಹುದು. ಪಾತ್ರೆ ತೊಳೆಯುವ ಸೋಪಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಅಚ್ಚಿನಿಂದ ಬಂದ ಜಿಡ್ಡು ಹೋಗಲಿ. ಪೂರ್ತಿ ಒಣಗಿಸಿ, ಪ್ರೈಮರ್ ಹೊಡೆದು, ಅಕ್ರಿಲಿಕನ್ನು ತೆಳ್ಳಗೆ ಎರಡು ಮೂರು ಸಲ ಹಚ್ಚಿ. ಚಕ್ರಕ್ಕೆ ಹಾಕುವಾಗ ಎಳೆಯುವುದರಿಂದ ಒಂದೆರಡು ಕಡೆ ಹೇಗೂ ಬಿರುಕು ಬೀಳುತ್ತದೆ. ಹಾಕಿದ ಮೇಲೆ ಟಚಪ್ ಮಾಡಿ. ಇನ್ನೊಂದು ಮಾತು: ಕೆಲವು ವಿನೈಲ್ ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಚಕ್ರವನ್ನೇ ಕರಗಿಸುತ್ತದೆ. ಚಕ್ರದ ಅಂಚಿಗೆ ಬಣ್ಣ ಹಚ್ಚದೆ ಟ್ರ್ಯಾಕ್ ಸುತ್ತಬೇಡಿ.

ಇನ್ನು ಉಳಿದವು.

ತುಕ್ಕಿಗೆ ಕುಂಕುಮ ಬಳಸಬಹುದಾ? ದೇವರ ಕೋಣೆಯಲ್ಲಿ ಬಳಸಿ.

ಲೋಹದ ಟ್ರ್ಯಾಕನ್ನು ಹುಣಸೆ ಹುಳಿ, ಉಪ್ಪು ಹಾಕಿ ಇಟ್ಟರೆ ನಿಜವಾದ ತುಕ್ಕು ಬರುತ್ತದಂತೆ? ಆ ಟ್ರ್ಯಾಕ್ ಬಿಳಿ ಲೋಹದ್ದು, ಅದರಲ್ಲಿ ಕಬ್ಬಿಣವೇ ಇಲ್ಲ. ಅದಕ್ಕೆ ಕಪ್ಪು ಮಾಡುವ ದ್ರಾವಣವೇ ಬೇರೆ ಸಿಗುತ್ತದೆ. ಅದು ವಿಷ. ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ, ಅಡಿಗೆಮನೆಯ ಬಟ್ಟಲು ಮುಟ್ಟಬೇಡಿ.

ಜುಲೈನಲ್ಲಿ ಮ್ಯಾಟ್ ವಾರ್ನಿಶ್ ಹೊಡೆದೆ, ಬೆಳ್ಳಗಾಯಿತು. ಶಿರಸಿ ಮಳೆಯಲ್ಲಿ ಇನ್ನೇನಾಗುತ್ತದೆ? ಗಾಳಿಯ ತೇವಕ್ಕೆ ಹಾಗಾಗುತ್ತದೆ. ದಸರೆ ಕಳೆಯಲಿ.

1/72ಕ್ಕೂ ಇದೇನಾ? ಇದೇ. ಮಣ್ಣೂ ಪೆನ್ಸಿಲ್ಲೂ ಇದರ ಅರ್ಧ ಸಾಕು.

ಟ್ರ್ಯಾಕ್ ಕಳಿಸಿಕೊಟ್ಟರೆ ನೀವೇ ಬಣ್ಣ ಹಚ್ಚಿ ಕೊಡುತ್ತೀರಾ? ಇಲ್ಲ.